1947ರ ಬ್ರೂಕ್ಲಿನ್ ಡಾಜರ್ಸ್: ಆ ಋತುವನ್ನು ತಂಡ ಗೆದ್ದದ್ದು ಹೇಗೆ?

ತುಂಗಾತೀರ

ಜಾಕಿ ರಾಬಿನ್ಸನ್ ಅವರ ಬಗ್ಗೆ ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದ ಬರಹಗಳೆಲ್ಲ ಒಂದೇ ದಾರಿ ಹಿಡಿದಿವೆ. ಬ್ರೂಕ್ಲಿನ್ ಡಾಜರ್ಸ್ ತಂಡದ ಮುಖ್ಯಸ್ಥ ಬ್ರಾಂಚ್ ರಿಕಿ ಈ ಕಪ್ಪು ಆಟಗಾರನನ್ನು ಕರೆಸಿದರು, ಯಾರು ಏನೇ ಅಂದರೂ ತಿರುಗಿ ಮಾತಾಡುವುದಿಲ್ಲ ಎಂಬ ಭಾಷೆ ಪಡೆದರು. ರಾಬಿನ್ಸನ್ ಬೈಗುಳಗಳನ್ನೆಲ್ಲ ನುಂಗಿಕೊಂಡು ಆಡಿದರು. ಬಿಳಿಯರಿಗಷ್ಟೇ ಮೀಸಲಾಗಿದ್ದ ಮೇಜರ್ ಲೀಗ್ ಬೇಸ್‌ಬಾಲಿನ ಬಾಗಿಲು ತೆರೆಯಿತು. ಇದರಲ್ಲಿ ಸುಳ್ಳಿಲ್ಲ. ಆದರೆ ಇಡೀ ಕಥೆಯಲ್ಲಿ ಆಟವೇ ಇಲ್ಲ. ಆ ವರ್ಷ ಡಾಜರ್ಸ್, ಮೇಜರ್ ಲೀಗಿನ ಎರಡು ವಿಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗನ್ನು ಗೆದ್ದರು ಎಂಬ ಸಂಗತಿ ಕೊನೆಯ ಸಾಲಿಗೆ ಬಂದು ಕುಳಿತಿರುತ್ತದೆ. ಹೇಗೆ ಗೆದ್ದರು ಎಂದು ಯಾರೂ ಹೇಳುವುದಿಲ್ಲ. ಅದಕ್ಕಾಗಿಯೇ ಈ ಚರ್ಚೆ ಆರಂಭಿಸುತ್ತಿದ್ದೇನೆ.

ಹಿನ್ನೆಲೆ ಹೇಳುತ್ತೇನೆ. 1946ರಲ್ಲಿ ಡಾಜರ್ಸ್ ಮತ್ತು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಸಮಬಲದಲ್ಲಿ ಲೀಗ್ ಮುಗಿಸಿದ್ದರು. ಮೇಜರ್ ಲೀಗಿನ ಇತಿಹಾಸದಲ್ಲೇ ಮೊದಲ ಬಾರಿಗೆ ನಿರ್ಣಾಯಕ ಪಂದ್ಯಗಳನ್ನು ಆಡಿಸಬೇಕಾಯಿತು, ಡಾಜರ್ಸ್ ಎರಡನ್ನೂ ಸೋತರು. 96 ಗೆಲುವು ಇದ್ದರೂ ಕೈಗೆ ಏನೂ ಬರಲಿಲ್ಲ. ಮರುವರ್ಷ ಗೆದ್ದದ್ದು 94 ಪಂದ್ಯ, ಹಿಂದಿನ ವರ್ಷಕ್ಕಿಂತ ಎರಡು ಕಡಿಮೆ. ಆದರೂ ಕಾರ್ಡಿನಲ್ಸ್‌ಗಿಂತ ಐದು ಪಂದ್ಯ ಮುಂದಿದ್ದು ಲೀಗ್ ಗೆದ್ದರು.

ಆರಂಭವಂತೂ ಗೊಂದಲದ್ದು. ಏಪ್ರಿಲ್ 9ರಂದು ಬೇಸ್‌ಬಾಲ್ ಕಮಿಷನರ್ ಹ್ಯಾಪಿ ಚಾಂಡ್ಲರ್ ಅವರು ಡಾಜರ್ಸ್ ಮ್ಯಾನೇಜರ್ ಲಿಯೊ ಡುರೋಷರ್ ಅವರನ್ನು ಇಡೀ ವರ್ಷಕ್ಕೆ ಅಮಾನತು ಮಾಡಿದರು. ಮರುದಿನ ರಿಕಿ ಅವರು ರಾಬಿನ್ಸನ್ ಅವರನ್ನು ಡಾಜರ್ಸ್‌ನ ಕಿರಿಯ ತಂಡವಾದ ಮಾಂಟ್ರಿಯಲ್‌ನಿಂದ ಬ್ರೂಕ್ಲಿನ್‌ಗೆ ಸೇರಿಸಿಕೊಂಡರು. ಏಪ್ರಿಲ್ 15ಕ್ಕೆ ಮೊದಲ ಪಂದ್ಯ. ಮೊದಲ ಎರಡು ಪಂದ್ಯಗಳಿಗೆ ಕ್ಲೈಡ್ ಸ್ಯೂಕ್‌ಫೋರ್ತ್ ಮ್ಯಾನೇಜರ್, ಆಮೇಲೆ 62 ವರ್ಷದ ಬರ್ಟ್ ಶಾಟನ್ ಬಂದರು. ಅವರು ತಂಡದ ಸಮವಸ್ತ್ರ ತೊಡುತ್ತಿರಲಿಲ್ಲ, ಮಾಮೂಲಿ ಉಡುಪಿನಲ್ಲೇ ಬೆಂಚಿನ ಮೇಲೆ ಕುಳಿತು ತಂಡ ನಡೆಸಿದರು.

ಇನ್ನು ನನ್ನ ವಾದ. ಆ ವರ್ಷ ನ್ಯೂಯಾರ್ಕ್ ಜೈಂಟ್ಸ್ 221 ಹೋಂ ರನ್ (ಚೆಂಡನ್ನು ಬೇಲಿಯಾಚೆ ಹೊಡೆದು, ಬೇಸ್ ಎಂಬ ಮೂರು ನಿಲ್ದಾಣಗಳನ್ನೂ ಸುತ್ತಿ ಮನೆಗೆ ಮರಳುವುದು) ಬಾರಿಸಿ ದಾಖಲೆ ಮಾಡಿದರು, ಬಂದದ್ದು ನಾಲ್ಕನೇ ಸ್ಥಾನಕ್ಕೆ. ಡಾಜರ್ಸ್ ಹೊಡೆದದ್ದು 83. ತಂಡದಲ್ಲಿ ಹನ್ನೆರಡಕ್ಕಿಂತ ಹೆಚ್ಚು ಹೋಂ ರನ್ ಹೊಡೆದವರು ಒಬ್ಬರೂ ಇರಲಿಲ್ಲ. ಅವರು ಗೆದ್ದದ್ದು ಕೆಟ್ಟ ಚೆಂಡನ್ನು ಬಿಟ್ಟು ಮೊದಲ ಬೇಸಿಗೆ ನಡೆಯುವ ತಾಳ್ಮೆಯಿಂದ ಮತ್ತು ಬೇಸ್ ಸೇರಿದ ಮೇಲೆ ಓಡುವ ಧೈರ್ಯದಿಂದ. ಪೀ ವೀ ರೀಸ್ ಮತ್ತು ಎಡ್ಡಿ ಸ್ಟ್ಯಾಂಕಿ ಇಬ್ಬರೂ ನೂರಕ್ಕಿಂತ ಹೆಚ್ಚು ಬಾರಿ ಹಾಗೆ ನಡೆದರು. ಬೇಸ್ ಕದಿಯುವುದರಲ್ಲಿ ತಂಡ 88ರೊಂದಿಗೆ ಲೀಗಿನಲ್ಲೇ ಮೊದಲು, ಅದರಲ್ಲಿ 29 ರಾಬಿನ್ಸನ್ ಅವರದು. 125 ರನ್‌ಗಳನ್ನೂ ಅವರು ತಂದರು.

ರಿಕಿ ಅವರಿಗೆ ಕೊಟ್ಟ ಭಾಷೆ ರಾಬಿನ್ಸನ್ ಅವರ ನಾಲಿಗೆಯನ್ನೂ ಮುಷ್ಟಿಯನ್ನೂ ಕಟ್ಟಿತ್ತು. ಕಾಲುಗಳನ್ನು ಕಟ್ಟಿರಲಿಲ್ಲ. ಸಹನೆಯ ಕಥೆ ಹೇಳುವ ಭರದಲ್ಲಿ ನಾವು ಅವರ ಆಕ್ರಮಣವನ್ನು ಮರೆಯುತ್ತಿದ್ದೇವೆ ಎಂಬುದು ನನ್ನ ದೂರು.

ಹೊಸ ಓದುಗ

ತುಂಗಾತೀರ ಅವರೇ, ಒಳ್ಳೆಯ ವಿಷಯ. ನನಗೆ ಕ್ರಿಕೆಟ್ ಚೆನ್ನಾಗಿ ಗೊತ್ತು, ಬೇಸ್‌ಬಾಲ್ ಅಷ್ಟಕ್ಕಷ್ಟೆ. ಬೇಸ್ ಕದಿಯುವುದು ಎಂದರೆ ಏನು? ಹೋಂ ರನ್ ಹೊಡೆಯುವುದಕ್ಕಿಂತ ಅದು ಹೆಚ್ಚು ಬೆಲೆ ಬಾಳಲು ಹೇಗೆ ಸಾಧ್ಯ?

ಸ್ಕೋರ್‌ಪುಸ್ತಕ

ಹೆಚ್ಚು ಬೆಲೆ ಇಲ್ಲ. ಹೋಂ ರನ್ ಹೊಡೆಯಬಲ್ಲವರು ಇಲ್ಲದ ತಂಡಕ್ಕೆ ಅದೇ ಬಂಡವಾಳ, ಅಷ್ಟೆ. ನಿಯಮ ಸರಳ. ಬ್ಯಾಟರ್ ಒಬ್ಬ ಮೊದಲ ಬೇಸ್ ಸೇರಿ ನಿಂತಿದ್ದಾನೆ. ಪಿಚರ್ ಮುಂದಿನ ಬ್ಯಾಟರ್‌ಗೆ ಚೆಂಡು ಎಸೆಯುವ ಹೊತ್ತಿಗೆ ಇವನು ಎರಡನೇ ಬೇಸಿನತ್ತ ಓಡುತ್ತಾನೆ. ಕ್ಯಾಚರ್ ಚೆಂಡನ್ನು ಹಿಡಿದು ಅಲ್ಲಿಗೆ ಎಸೆಯುತ್ತಾನೆ. ಚೆಂಡು ಹಿಡಿದವನು ಮೈ ಮುಟ್ಟುವುದರೊಳಗೆ ಬೇಸ್ ತಲುಪಿದರೆ ಅದು ಇವನದು, ಇಲ್ಲದಿದ್ದರೆ ಔಟ್. ಯಾರೂ ಬ್ಯಾಟ್ ಬೀಸದೆಯೇ ತಂಡ ಒಂದು ಹೆಜ್ಜೆ ಮುಂದೆ ಹೋಗಿರುತ್ತದೆ.

ಅಂಕಿ ಅಂಶದಲ್ಲಿ ಕಾಣದ ಲಾಭ ಇನ್ನೊಂದಿದೆ. ಓಡಬಹುದಾದವನು ಬೆನ್ನ ಹಿಂದೆ ಕುಣಿಯುತ್ತಿದ್ದರೆ ಪಿಚರ್ ಗಮನ ಬ್ಯಾಟರ್ ಮೇಲೆ ಪೂರ್ತಿ ನಿಲ್ಲುವುದಿಲ್ಲ. ರಾಬಿನ್ಸನ್ ಬೇಸಿನಿಂದ ನಾಲ್ಕು ಹೆಜ್ಜೆ ಮುಂದೆ ಬರುವುದು, ಓಡುವಂತೆ ನಟಿಸುವುದು, ಹಿಂದಕ್ಕೆ ಜಿಗಿಯುವುದು, ಮತ್ತೆ ಮುಂದೆ ಬರುವುದು. ಹಳೆಯ ದೃಶ್ಯಗಳನ್ನು ನೋಡಿದರೆ ಪಿಚರ್ ಪಡುವ ಪಾಡು ಕಾಣುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಮೂರನೇ ಬೇಸಿನಿಂದ ಹೋಂ, ಅಂದರೆ ಬ್ಯಾಟರ್ ನಿಲ್ಲುವ ಮನೆ, ಕದಿಯುವುದು; ಅದನ್ನು ಮುಟ್ಟಿದರೆ ರನ್. ಪಿಚರ್ ಚೆಂಡು ಎಸೆಯುವುದೇ ಆ ಕಡೆಗೆ, ಆದ್ದರಿಂದ ಓಟಗಾರ ಚೆಂಡಿನ ಜೊತೆಗೇ ಪಂದ್ಯ ಕಟ್ಟಿದಂತೆ. ಜೂನ್ 24ರಂದು ಪಿಟ್ಸ್‌ಬರ್ಗ್‌ನಲ್ಲಿ ಫ್ರಿಟ್ಜ್ ಆಸ್ಟರ್‌ಮ್ಯೂಲರ್ ಎಂಬ ಅನುಭವಿ ಪಿಚರ್ ಎದುರು ರಾಬಿನ್ಸನ್ ಮೊದಲ ಬಾರಿಗೆ ಹೋಂ ಕದ್ದರು. ಇದೇ ಆಸ್ಟರ್‌ಮ್ಯೂಲರ್ ಮೇ ತಿಂಗಳಲ್ಲಿ ಚೆಂಡಿನಿಂದ ಅವರಿಗೆ ಹೊಡೆದಿದ್ದರು. ತುಂಗಾತೀರ ಅವರು ಕಾಲುಗಳ ಬಗ್ಗೆ ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಮಲೆನಾಡ ಮಳೆ

ಅಂಕಿ ಅಂಶಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ನೋವನ್ನು ಎರಡು ಸಾಲಿನಲ್ಲಿ ದಾಟಿ ಆಟಕ್ಕೆ ಬರೋಣ ಎಂಬ ಧಾಟಿಯನ್ನು ಒಪ್ಪಲು ಸಾಧ್ಯವಿಲ್ಲ. ಆ ಋತುವಿನಲ್ಲಿ ಇವೆರಡೂ ಬೇರೆ ಬೇರೆಯಾಗಿ ಇರಲೇ ಇಲ್ಲ.

ಏಪ್ರಿಲ್ 22ರಂದು ಫಿಲಡೆಲ್ಫಿಯಾ ಫಿಲೀಸ್ ತಂಡ ಬ್ರೂಕ್ಲಿನ್‌ಗೆ ಬಂದಿತು. ಅದರ ಮ್ಯಾನೇಜರ್ ಬೆನ್ ಚಾಪ್ಮನ್ ತಾವೂ ಬೈದರು, ತಮ್ಮ ಆಟಗಾರರಿಂದಲೂ ಬೈಯಿಸಿದರು. ಬಣ್ಣದ ಬಗ್ಗೆ, ಹತ್ತಿಯ ಹೊಲದ ಬಗ್ಗೆ, ಇಲ್ಲಿ ಬರೆಯಲಾರದ ಮಾತುಗಳು. ಆ ದಿನ ತಮ್ಮ ಸಹನೆ ಮುರಿದು ಬೀಳುವುದರಲ್ಲಿತ್ತು ಎಂದು ರಾಬಿನ್ಸನ್ ಮುಂದೆ ಹೇಳಿಕೊಂಡಿದ್ದಾರೆ. ಮೇ ತಿಂಗಳಲ್ಲಿ ಡಾಜರ್ಸ್ ಫಿಲಡೆಲ್ಫಿಯಾಕ್ಕೆ ಹೋದಾಗ ಬೆಂಜಮಿನ್ ಫ್ರಾಂಕ್ಲಿನ್ ಹೋಟೆಲ್ ಅವರ ಕಾರಣಕ್ಕೆ ಇಡೀ ತಂಡಕ್ಕೇ ಕೋಣೆ ಕೊಡಲಿಲ್ಲ. ಆ ನಗರದ ಪರಿಷತ್ತು ಇದಕ್ಕೆಲ್ಲ ಅಧಿಕೃತವಾಗಿ ಕ್ಷಮೆ ಕೇಳಿದ್ದು 2016ರಲ್ಲಿ, ರಾಬಿನ್ಸನ್ ತೀರಿಕೊಂಡು 44 ವರ್ಷಗಳಾದ ಮೇಲೆ. ಅದೇ ಪ್ರವಾಸದಲ್ಲಿ ಚಾಪ್ಮನ್ ಜೊತೆ ಒಂದೇ ಬ್ಯಾಟ್ ಹಿಡಿದು ಛಾಯಾಚಿತ್ರಕ್ಕೆ ನಿಲ್ಲುವಂತೆ ಅವರನ್ನು ಒಪ್ಪಿಸಲಾಯಿತು. ಬೈಗುಳ ತಿಂದವರೇ ಬೈದವರ ಮರ್ಯಾದೆ ಉಳಿಸಲು ನಿಲ್ಲಬೇಕಾಯಿತು. ಆ ಚಿತ್ರದಲ್ಲಿ ಇಬ್ಬರ ಮುಖಗಳನ್ನೂ ನೋಡಿ.

ಕಾರ್ಡಿನಲ್ಸ್ ಆಟಗಾರರು ಮುಷ್ಕರದ ಮಾತಾಡುತ್ತಿದ್ದಾರೆ ಎಂದು ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್‌ನಲ್ಲಿ ಸ್ಟ್ಯಾನ್ಲಿ ವುಡ್‌ವರ್ಡ್ ಬರೆದದ್ದೂ ಅದೇ ದಿನಗಳಲ್ಲಿ. ಆಗಸ್ಟ್‌ನಲ್ಲಿ ಅದೇ ತಂಡದ ಎನೋಸ್ ಸ್ಲಾಟರ್, ಮೊದಲ ಬೇಸಿನಲ್ಲಿ ನಿಂತಿದ್ದ ರಾಬಿನ್ಸನ್ ಅವರ ಕಾಲನ್ನು ಮೊಳೆಯ ಬೂಟಿನಿಂದ ತುಳಿದರು. ವರ್ಷವಿಡೀ ಒಂಬತ್ತು ಸಲ ಪಿಚರ್‌ಗಳ ಚೆಂಡು ಅವರ ಮೈಗೆ ಬಡಿಯಿತು. ಮನೆಯಲ್ಲಿ ಹಾಲುಗೂಸು, ಅಂಚೆಯಲ್ಲಿ ಬೆದರಿಕೆ ಪತ್ರ. ಇದಕ್ಕೆಲ್ಲ ಅವರು ಪಡೆದ ಸಂಬಳ 5,000 ಡಾಲರ್, ಲೀಗಿನ ಕನಿಷ್ಠ ಮೊತ್ತ. ಆರಂಭದಲ್ಲಿ ಸತತ ಇಪ್ಪತ್ತು ಬಾರಿ ಬ್ಯಾಟ್ ಹಿಡಿದರೂ ಅವರಿಗೆ ಒಂದು ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ಸೇರುವುದು) ಸಿಗಲಿಲ್ಲ. ಇದನ್ನು ಆಟದ ಲೆಕ್ಕಕ್ಕೆ ಬರೆಯುತ್ತೀರೋ, ನೋವಿನ ಲೆಕ್ಕಕ್ಕೋ?

ತುಂಗಾತೀರ

ಎರಡಕ್ಕೂ ಬರೆಯುತ್ತೇನೆ. ನೋವನ್ನು ಬಿಡೋಣ ಎಂದು ನಾನು ಹೇಳುತ್ತಿಲ್ಲ. ನೀವು ಹೇಳಿದ ಏಪ್ರಿಲ್ 22ರ ಪಂದ್ಯವನ್ನೇ ತೆಗೆದುಕೊಳ್ಳಿ. ಆ ದಿನದ ಬೈಗುಳ ಎಲ್ಲರಿಗೂ ಗೊತ್ತು, ಪಂದ್ಯದ ಫಲಿತಾಂಶ ಎಷ್ಟು ಜನರಿಗೆ ಗೊತ್ತು? ಡಾಜರ್ಸ್ 1-0ಯಿಂದ ಗೆದ್ದರು. ಆ ಒಂದು ರನ್ ಯಾರದು? ಬೇಸ್‌ಬಾಲ್ ಪಂದ್ಯಕ್ಕೆ ಒಂಬತ್ತು ಇನಿಂಗ್ಸ್, ಪ್ರತಿಯೊಂದರಲ್ಲೂ ಮೂವರು ಔಟಾದರೆ ತಂಡದ ಸರದಿ ಮುಗಿಯಿತು. ಎಂಟನೇ ಇನಿಂಗ್ಸ್‌ನಲ್ಲಿ ರಾಬಿನ್ಸನ್ ಹಿಟ್ ಹೊಡೆದು ಮೊದಲ ಬೇಸ್ ಸೇರಿದರು, ಎರಡನೆಯದನ್ನು ಕದ್ದರು, ಕ್ಯಾಚರ್ ಎಸೆತ ದಾರಿ ತಪ್ಪಿದಾಗ ಮೂರನೆಯದಕ್ಕೆ ಓಡಿದರು, ಜೀನ್ ಹರ್ಮನ್ಸ್‌ಕಿ ಹೊಡೆತಕ್ಕೆ ಮನೆ ಮುಟ್ಟಿದರು. ಬೈಯುತ್ತಿದ್ದವರ ಕಣ್ಣೆದುರೇ ಅವರ ಪಂದ್ಯ ಕಿತ್ತುಕೊಂಡರು. ಇದನ್ನು ಹೇಳದೆ ಬೈಗುಳವನ್ನಷ್ಟೇ ಹೇಳಿದರೆ ಚಾಪ್ಮನ್ ಅವರಿಗೇ ಕೊನೆಯ ಮಾತು ಕೊಟ್ಟಂತಾಗುತ್ತದೆ.

ಅದೇ ಸರಣಿಯಲ್ಲಿ ಎಡ್ಡಿ ಸ್ಟ್ಯಾಂಕಿ ಎದ್ದು ನಿಂತು, ತಿರುಗಿ ಬೈಯಬಲ್ಲವರನ್ನು ಬೈಯಿರಿ ಎಂದು ಫಿಲೀಸ್ ಬೆಂಚಿನತ್ತ ಕೂಗಿದರು. ಸ್ಟ್ಯಾಂಕಿ ಮೊದಲಿಗೆ ರಾಬಿನ್ಸನ್ ಬರುವುದನ್ನು ಇಷ್ಟಪಟ್ಟವರಲ್ಲ, ಅದನ್ನು ಅವರ ಮುಖಕ್ಕೇ ಹೇಳಿದ್ದವರು. ಚಾಪ್ಮನ್ ಡಾಜರ್ಸ್ ತಂಡವನ್ನು ಒಂದುಗೂಡಿಸಿದಷ್ಟು ಇನ್ಯಾರೂ ಮಾಡಲಿಲ್ಲ ಎಂಬುದು ರಿಕಿ ಅವರ ಅಭಿಪ್ರಾಯವಾಗಿತ್ತು.

ಆ ಇಪ್ಪತ್ತು ಬಾರಿಯ ಬರಗಾಲದಲ್ಲಿ ಶಾಟನ್ ರಾಬಿನ್ಸನ್ ಅವರನ್ನು ತಂಡದಿಂದ ಹೊರಗಿಡಲಿಲ್ಲ ಎಂಬುದನ್ನೂ ಸೇರಿಸಬೇಕು. ಜೂನ್ ಮಧ್ಯದಿಂದ ಜುಲೈ 4ರವರೆಗೆ ಸತತ 21 ಪಂದ್ಯಗಳಲ್ಲಿ ರಾಬಿನ್ಸನ್ ಹಿಟ್ ಹೊಡೆದರು. ಡಾಜರ್ಸ್ ಲೀಗಿನ ಮುಂಚೂಣಿ ಹಿಡಿದದ್ದು ಆ ಬೇಸಿಗೆಯಲ್ಲೇ.

ನ್ಯೂಜೆರ್ಸಿ ಕನ್ನಡಿಗ

ಚರ್ಚೆ ಓದಿ ಸಂತೋಷವಾಯಿತು. ಇಲ್ಲಿಂದ ಬ್ರೂಕ್ಲಿನ್ ದೂರವಲ್ಲ. ಎಬೆಟ್ಸ್ ಫೀಲ್ಡ್ ಕ್ರೀಡಾಂಗಣ ಇದ್ದ ಜಾಗದಲ್ಲಿ ಈಗ ಎತ್ತರದ ವಸತಿ ಕಟ್ಟಡಗಳಿವೆ. ತಂಡ 1957ರ ಋತುವಿನ ನಂತರ ಲಾಸ್ ಏಂಜಲೀಸ್‌ಗೆ ಹೋಯಿತು, 1960ರಲ್ಲಿ ಕ್ರೀಡಾಂಗಣವನ್ನು ಕೆಡವಿದರು. ಗೋಡೆಯಲ್ಲಿ ಒಂದು ಗುರುತಿನ ಕಲ್ಲು ಬಿಟ್ಟರೆ ಅಲ್ಲಿ ನೋಡಲು ಏನೂ ಇಲ್ಲ.

ಕೋನಿ ಐಲೆಂಡ್‌ನ ಸಣ್ಣ ಕ್ರೀಡಾಂಗಣದ ಮುಂದೆ 2005ರಲ್ಲಿ ನಿಲ್ಲಿಸಿದ ಪ್ರತಿಮೆಯೊಂದಿದೆ. ಪೀ ವೀ ರೀಸ್ ಅವರು ರಾಬಿನ್ಸನ್ ಹೆಗಲ ಮೇಲೆ ಕೈ ಹಾಕಿ ನಿಂತಿದ್ದಾರೆ. 1947ರಲ್ಲಿ ಸಿನ್ಸಿನಾಟಿಯಲ್ಲಿ ಪ್ರೇಕ್ಷಕರು ಬೈಯುತ್ತಿದ್ದಾಗ, ಪಕ್ಕದ ಕೆಂಟಕಿ ರಾಜ್ಯದವರೇ ಆದ ರೀಸ್ ನಡೆದು ಬಂದು ಎಲ್ಲರೆದುರು ಹೆಗಲ ಮೇಲೆ ಕೈ ಇಟ್ಟರು, ಕ್ರೀಡಾಂಗಣ ಮೌನವಾಯಿತು ಎಂಬುದು ಕಥೆ. ಮಕ್ಕಳಿಗೆ ಇದನ್ನೇ ಹೇಳಿಕೊಡುತ್ತಾರೆ. ಇದು ನಿಜವಾಗಿ ನಡೆದದ್ದೇ? ಬೇರೆ ಬೇರೆ ಕಡೆ ಬೇರೆ ಬೇರೆ ಓದಿದ್ದೇನೆ.

ಸ್ಕೋರ್‌ಪುಸ್ತಕ

1947ರ ಪತ್ರಿಕೆಗಳಲ್ಲಿ ಆ ದೃಶ್ಯದ ವರದಿಯನ್ನು ಇದುವರೆಗೆ ಯಾರೂ ತೋರಿಸಿಲ್ಲ. ರಾಬಿನ್ಸನ್ ಹೋದಲ್ಲೆಲ್ಲ ವರದಿಗಾರರ ದಂಡೇ ಹಿಂದಿತ್ತು. ಪಿಟ್ಸ್‌ಬರ್ಗ್ ಕುರಿಯರ್ ಎಂಬ ಕಪ್ಪು ಜನರ ಪತ್ರಿಕೆಯ ವೆಂಡೆಲ್ ಸ್ಮಿತ್ ಅವರ ಜೊತೆಗೇ ಪ್ರಯಾಣ ಮಾಡುತ್ತಿದ್ದರು. ಇಂಥದ್ದು ಅವರ ಕಣ್ಣು ತಪ್ಪಿಸುವುದು ಕಷ್ಟ.

ಮೈದಾನದ ಲೆಕ್ಕವನ್ನೂ ನೋಡಿ. 1947ರಲ್ಲಿ ರಾಬಿನ್ಸನ್ ಆಡಿದ್ದು ಮೊದಲ ಬೇಸಿನಲ್ಲಿ, ರೀಸ್ ಶಾರ್ಟ್‌ಸ್ಟಾಪ್, ಅಂದರೆ ಎರಡನೇ ಮತ್ತು ಮೂರನೇ ಬೇಸಿನ ನಡುವಿನ ಜಾಗ ಕಾಯುವವರು. ಇಬ್ಬರ ನಡುವೆ ಎರಡನೇ ಬೇಸಿನ ಸ್ಟ್ಯಾಂಕಿ ಇದ್ದರು. 1948ರಲ್ಲಿ ಸ್ಟ್ಯಾಂಕಿ ಅವರನ್ನು ಬಾಸ್ಟನ್‌ಗೆ ಕೊಟ್ಟ ಮೇಲೆ ರಾಬಿನ್ಸನ್ ಎರಡನೇ ಬೇಸಿಗೆ ಬಂದರು, ರೀಸ್ ಅವರ ಪಕ್ಕದವರಾದರು. ಹೆಗಲ ಮೇಲೆ ಕೈ ಇಡುವ ಸನ್ನಿವೇಶ ಆ ವರ್ಷವೋ ಆಮೇಲೋ ನಡೆದಿರುವ ಸಾಧ್ಯತೆಯೇ ಹೆಚ್ಚು ಎಂದು ನನ್ನ ಅನಿಸಿಕೆ. ಅವರಿಬ್ಬರ ಸ್ನೇಹ ನಿಜ, ಅದರಲ್ಲಿ ಅನುಮಾನವಿಲ್ಲ.

1947ರ ರೀಸ್ ಅವರ ನಿಜವಾದ ಕೆಲಸ ವಸಂತದ ಅಭ್ಯಾಸ ಶಿಬಿರದಲ್ಲಿ ನಡೆಯಿತು. ರಾಬಿನ್ಸನ್ ಜೊತೆ ಆಡುವುದಿಲ್ಲ ಎಂದು ಕೆಲವರು ಮನವಿ ಪತ್ರ ಹೊರಡಿಸಿದಾಗ, ದಕ್ಷಿಣದವರಾದ ಅವರೂ ಸಹಿ ಹಾಕುತ್ತಾರೆ ಎಂದು ಎಲ್ಲರೂ ಎಣಿಸಿದ್ದರು. ಅವರು ಹಾಕಲಿಲ್ಲ. ಕೋಣೆಯೊಳಗೆ ಯಾರೂ ನೋಡದಾಗ ಮಾಡಿದ ಆ ನಿರಾಕರಣೆಗೆ ಪ್ರತಿಮೆ ಮಾಡುವುದು ಕಷ್ಟ, ಆದರೆ ನನ್ನ ಲೆಕ್ಕದಲ್ಲಿ ತೂಕ ಅದಕ್ಕೇ ಹೆಚ್ಚು.

ಎಡಗೈ ಪಿಚರ್

ಮನವಿ ಪತ್ರದ ಮಾತು ಬಂದದ್ದು ಒಳ್ಳೆಯದಾಯಿತು. ಅದರ ಎಳೆ ಹಿಡಿದು ಹೋದರೆ ನೇರ ವರ್ಲ್ಡ್ ಸೀರೀಸ್‌ವರೆಗೆ ತಲುಪುತ್ತೇವೆ.

ಡುರೋಷರ್ ಅಮಾನತಾಗುವ ಮೊದಲು ಮಾಡಿದ ದೊಡ್ಡ ಕೆಲಸ ಎಂದರೆ ಪನಾಮಾದಲ್ಲಿ ತಂಡದವರನ್ನು ರಾತ್ರೋರಾತ್ರಿ ಎಬ್ಬಿಸಿ ಆ ಪತ್ರವನ್ನು ಹುಟ್ಟಿದಲ್ಲೇ ಹೊಸಕಿದ್ದು. ಡಿಕ್ಸಿ ವಾಕರ್ ಎಂಬ ಅಲಬಾಮಾದ ಆಟಗಾರ, ಬ್ರೂಕ್ಲಿನ್ ಜನರ ಕಣ್ಮಣಿ, ತಮ್ಮನ್ನು ಬೇರೆ ತಂಡಕ್ಕೆ ಕಳುಹಿಸಿ ಎಂದು ರಿಕಿ ಅವರಿಗೆ ಪತ್ರ ಬರೆದರು. ಆದರೂ ವಾಕರ್ ಆ ವರ್ಷ ಪೂರ್ತಿ ಡಾಜರ್ಸ್‌ಗೇ ಆಡಿದರು. ಬ್ಯಾಟಿಂಗ್ ಸರಾಸರಿ .306 (ಸಾವಿರ ಬಾರಿಗೆ 306 ಹಿಟ್ ಎಂಬ ಲೆಕ್ಕ), ರಾಬಿನ್ಸನ್ ಸೇರಿದಂತೆ ಮುಂದೆ ಬೇಸಿನಲ್ಲಿದ್ದವರನ್ನು ಮನೆ ಸೇರಿಸಿದ ಲೆಕ್ಕ 94, ತಂಡದಲ್ಲೇ ಹೆಚ್ಚು. ಒಬ್ಬರನ್ನೊಬ್ಬರು ಮಾತಾಡಿಸದ ಇಬ್ಬರು ಒಂದೇ ರನ್ನಿಗಾಗಿ ದುಡಿದರು. ಋತು ಮುಗಿದ ಮೇಲೆ ರಿಕಿ ವಾಕರ್ ಅವರನ್ನು ಪಿಟ್ಸ್‌ಬರ್ಗ್‌ಗೆ ಕೊಟ್ಟರು.

ದಕ್ಷಿಣ ಕೆರೊಲಿನಾದ ಪಿಚರ್ ಕರ್ಬಿ ಹಿಗ್ಬಿ ಅವರನ್ನು ಇನ್ನೂ ಮೊದಲೇ, ಮೇ 3ರಂದು, ಬೇರೆ ನಾಲ್ವರ ಜೊತೆ ಪಿಟ್ಸ್‌ಬರ್ಗ್‌ಗೆ ಕಳುಹಿಸಲಾಯಿತು. ಬದಲಿಗೆ ರಿಕಿ ಅವರಿಗೆ ಬಂದದ್ದು ದೊಡ್ಡ ಮೊತ್ತದ ಹಣ ಮತ್ತು ಆಲ್ ಜಿಯಾನ್‌ಫ್ರಿಡೊ ಎಂಬ ಕುಳ್ಳಗಿನ ಹೊರಮೈದಾನದ ಆಟಗಾರ. ಆಗ ಆ ಹೆಸರನ್ನು ಯಾರೂ ಗಮನಿಸಲಿಲ್ಲ. ಅಕ್ಟೋಬರ್‌ನಲ್ಲಿ ಅಮೆರಿಕದ ಮೂಲೆಮೂಲೆಯಲ್ಲೂ ಗಮನಿಸಿದರು.

ಹೊಸ ಓದುಗ

ಅಕ್ಟೋಬರ್‌ನಲ್ಲಿ ಏನಾಯಿತು? ದಯವಿಟ್ಟು ವಿವರವಾಗಿ ಬರೆಯಿರಿ.

ಎಡಗೈ ಪಿಚರ್

ನ್ಯಾಷನಲ್ ಲೀಗ್ ಗೆದ್ದ ಡಾಜರ್ಸ್, ಅಮೆರಿಕನ್ ಲೀಗ್ ಗೆದ್ದ ನ್ಯೂಯಾರ್ಕ್ ಯಾಂಕೀಸ್ ಎದುರು ಏಳು ಪಂದ್ಯಗಳ ವರ್ಲ್ಡ್ ಸೀರೀಸ್ ಆಡಿದರು. ದೂರದರ್ಶನದಲ್ಲಿ ತೋರಿಸಿದ ಮೊದಲ ವರ್ಲ್ಡ್ ಸೀರೀಸ್ ಅದು. ಮೊದಲ ಎರಡನ್ನು ಯಾಂಕೀಸ್, ಮೂರನೆಯದನ್ನು ಡಾಜರ್ಸ್ 9-8ರಿಂದ ಗೆದ್ದಿದ್ದರು. ಅಕ್ಟೋಬರ್ 3, ಶುಕ್ರವಾರ, ಎಬೆಟ್ಸ್ ಫೀಲ್ಡ್, ನಾಲ್ಕನೇ ಪಂದ್ಯ. ನಾನು ಬೇಸ್‌ಬಾಲಿನ ಒಂದೇ ಒಂದು ಪಂದ್ಯವನ್ನು ನೋಡಬಹುದು ಎಂದರೆ ಇದನ್ನೇ ಕೇಳುತ್ತೇನೆ.

ಯಾಂಕೀಸ್ ಪಿಚರ್ ಬಿಲ್ ಬೆವೆನ್ಸ್. ಆ ಋತುವಿನಲ್ಲಿ 7 ಗೆದ್ದು 13 ಸೋತವರು. ಅಂದು ಅವರು ಡಾಜರ್ಸ್‌ಗೆ ಹಿಟ್ಟೇ ಕೊಡಲಿಲ್ಲ. ಎಂಟು ಇನಿಂಗ್ಸ್ ಮುಗಿದರೂ ಡಾಜರ್ಸ್ ಖಾತೆಯಲ್ಲಿ ಒಂದು ಹಿಟ್ ಇಲ್ಲ. ವರ್ಲ್ಡ್ ಸೀರೀಸ್‌ನಲ್ಲಿ ಹಿಟ್ಟೇ ಇಲ್ಲದ ಪೂರ್ಣ ಪಂದ್ಯವನ್ನು ಅಲ್ಲಿಯವರೆಗೆ ಯಾರೂ ಎಸೆದಿರಲಿಲ್ಲ. ಆದರೆ ಬೆವೆನ್ಸ್ ಚೆಂಡು ಹದ್ದುಬಸ್ತಿನಲ್ಲಿರಲಿಲ್ಲ, ಸಿಕ್ಕಸಿಕ್ಕವರನ್ನೆಲ್ಲ ಮೊದಲ ಬೇಸಿಗೆ ನಡೆಸುತ್ತಲೇ ಹೋದರು. ಐದನೇ ಇನಿಂಗ್ಸ್‌ನಲ್ಲಿ ಡಾಜರ್ಸ್ ಹಿಟ್ ಇಲ್ಲದೆಯೇ ಒಂದು ರನ್ ಕೂಡ ಪಡೆದರು. ಯಾಂಕೀಸ್ 2, ಡಾಜರ್ಸ್ 1.

ಒಂಬತ್ತನೇ ಇನಿಂಗ್ಸ್‌ನ ಮೊದಲ ಭಾಗದಲ್ಲಿ ಯಾಂಕೀಸ್ ಮೂರೂ ಬೇಸ್ ತುಂಬಿಸಿದರು. ಒಬ್ಬರು ಔಟ್. ಡಾಜರ್ಸ್ ಪಿಚರ್ ಹ್ಯೂ ಕೇಸಿ ಬಂದು ಒಂದೇ ಒಂದು ಚೆಂಡು ಎಸೆದರು. ಟಾಮಿ ಹೆನ್ರಿಕ್ ಅದನ್ನು ನೆಲಕ್ಕೆ ಹೊಡೆದರು, ಇಬ್ಬರು ಔಟ್, ಇನಿಂಗ್ಸ್ ಮುಕ್ತಾಯ.

ಡಾಜರ್ಸ್ ಸರದಿ. ಬ್ರೂಸ್ ಎಡ್ವರ್ಡ್ಸ್ ಎತ್ತಿ ಹೊಡೆದು ಔಟ್. ಕಾರ್ಲ್ ಫುರಿಲೊ ಮೊದಲ ಬೇಸಿಗೆ ನಡೆದರು. ಸ್ಪೈಡರ್ ಜಾರ್ಗೆನ್ಸನ್ ಔಟ್. ಇನ್ನೊಬ್ಬರು ಔಟಾದರೆ ಬೆವೆನ್ಸ್ ಇತಿಹಾಸ ಸೇರುತ್ತಾರೆ. ಶಾಟನ್ ಅವರು ಫುರಿಲೊ ಬದಲು ಓಡಲು ಜಿಯಾನ್‌ಫ್ರಿಡೊ ಅವರನ್ನು ಕಳುಹಿಸಿದರು. ಬ್ಯಾಟ್ ಮಾಡಲು ಪೀಟ್ ರೈಸರ್, ಕಾಲಿನ ಕೀಲು ಊದಿಕೊಂಡು ಸರಿಯಾಗಿ ನಿಲ್ಲಲೂ ಆಗದ ಸ್ಥಿತಿಯಲ್ಲಿ. ಜಿಯಾನ್‌ಫ್ರಿಡೊ ಎರಡನೇ ಬೇಸ್ ಕದ್ದರು. ಸ್ವಲ್ಪದರಲ್ಲಿ ಉಳಿದರು. ಔಟಾಗಿದ್ದರೆ ಅಲ್ಲಿಗೇ ಎಲ್ಲ ಮುಗಿಯುತ್ತಿತ್ತು.

ಆಗ ಯಾಂಕೀಸ್ ಮ್ಯಾನೇಜರ್ ಬಕಿ ಹ್ಯಾರಿಸ್, ರೈಸರ್ ಅವರನ್ನು ಬೇಕೆಂದೇ ನಡೆಸಿಬಿಡಿ ಎಂದರು. ಗೆಲುವಿನ ರನ್ನನ್ನು ತಾನಾಗಿಯೇ ಬೇಸಿನ ಮೇಲೆ ಕೂರಿಸಬಾರದು ಎಂಬುದು ಹಳೆಯ ನಿಯಮ, ಹ್ಯಾರಿಸ್ ಅದನ್ನು ಮೀರಿದರು. ಬೆವೆನ್ಸ್ ನಡೆಸಿದ ಹತ್ತನೆಯವರು ರೈಸರ್. ಅವರ ಬದಲು ಓಡಲು ಎಡ್ಡಿ ಮಿಕ್ಸಿಸ್. ಸ್ಟ್ಯಾಂಕಿ ಬದಲು ಬ್ಯಾಟ್ ಹಿಡಿದವರು 34 ವರ್ಷದ ಕುಕಿ ಲಾವಜೆಟೊ. ಮೊದಲ ಚೆಂಡಿಗೆ ಬೀಸಿ ತಪ್ಪಿದರು. ಎರಡನೆಯದು ಬಲಗಡೆಯ ಗೋಡೆಗೆ ಬಡಿಯಿತು. ಎರಡು ಔಟ್ ಆಗಿದ್ದರಿಂದ ಓಟಗಾರರಿಬ್ಬರೂ ಕಾಯದೆ ಓಡಿದ್ದರು. ಜಿಯಾನ್‌ಫ್ರಿಡೊ ಮನೆ ಮುಟ್ಟಿದರು, ಹಿಂದೆಯೇ ಮಿಕ್ಸಿಸ್ ಜಾರಿ ಬಂದರು. ಡಾಜರ್ಸ್ 3, ಯಾಂಕೀಸ್ 2. ಇಡೀ ಪಂದ್ಯದಲ್ಲಿ ಡಾಜರ್ಸ್ ಹೊಡೆದದ್ದು ಆ ಒಂದೇ ಹಿಟ್.

ತುಂಗಾತೀರ

ರೋಮಾಂಚನವಾಯಿತು. ಇದು ಆ ಋತುವಿನ ಡಾಜರ್ಸ್ ಆಟದ ತಿರುಳು: ಹತ್ತು ನಡಿಗೆ, ಕದ್ದ ಬೇಸ್, ಒಂದು ಹಿಟ್. ಹೋಂ ರನ್ ಇಲ್ಲವೇ ಇಲ್ಲ.

ನ್ಯೂಜೆರ್ಸಿ ಕನ್ನಡಿಗ

ಆರನೇ ಪಂದ್ಯವನ್ನೂ ಸೇರಿಸುತ್ತೇನೆ. ಅಕ್ಟೋಬರ್ 5, ಯಾಂಕಿ ಸ್ಟೇಡಿಯಂ, 74,065 ಪ್ರೇಕ್ಷಕರು. ಡಾಜರ್ಸ್ 8-5ರಿಂದ ಮುಂದಿದ್ದರು. ಆರನೇ ಇನಿಂಗ್ಸ್‌ನಲ್ಲಿ ಇಬ್ಬರು ಬೇಸಿನ ಮೇಲಿದ್ದಾಗ ಯಾಂಕೀಸ್‌ನ ಜೋ ಡಿಮಾಜಿಯೊ ಎಡಗಡೆ ಬಲು ದೂರ ಹೊಡೆದರು, ಬೇಲಿ ದಾಟಿದ್ದರೆ ಪಂದ್ಯ ಸಮ. ಆಗಷ್ಟೇ ಮೈದಾನಕ್ಕೆ ಇಳಿದಿದ್ದ ಜಿಯಾನ್‌ಫ್ರಿಡೊ ಬೆನ್ನು ತಿರುಗಿಸಿ ಓಡಿ, 415 ಅಡಿ ಎಂದು ಬರೆದಿದ್ದ ಬೇಲಿಯ ಬಳಿ ಅದನ್ನು ಹಿಡಿದರು. ಎರಡನೇ ಬೇಸಿನ ಹತ್ತಿರ ತಲುಪಿದ್ದ ಡಿಮಾಜಿಯೊ ಮಣ್ಣನ್ನು ಕಾಲಿನಿಂದ ಒದ್ದರು. ಎಂದೂ ಭಾವನೆ ತೋರಿಸದ ಆಟಗಾರ ಎಂದು ಹೆಸರಾದವರು. ಆ ಒದೆತ ಹಳೆಯ ದೃಶ್ಯಗಳಲ್ಲಿ ಈಗಲೂ ಸಿಗುತ್ತದೆ.

ಮನ ಕಲಕುವ ಸಂಗತಿಯೆಂದರೆ ಬೆವೆನ್ಸ್, ಲಾವಜೆಟೊ, ಜಿಯಾನ್‌ಫ್ರಿಡೊ ಮೂವರೂ ಆ ಸೀರೀಸ್ ನಂತರ ಮೇಜರ್ ಲೀಗಿನಲ್ಲಿ ಮತ್ತೆಂದೂ ಆಡಲಿಲ್ಲ.

ಸ್ಕೋರ್‌ಪುಸ್ತಕ

ಏಳನೆಯದನ್ನು ಯಾಂಕೀಸ್ 5-2ರಿಂದ ಗೆದ್ದರು. ಡಾಜರ್ಸ್ ಆರಂಭದಲ್ಲಿ 2-0 ಮುಂದಿದ್ದರು, ಆಮೇಲೆ ಯಾಂಕೀಸ್ ಪಿಚರ್ ಜೋ ಪೇಜ್ ಐದು ಇನಿಂಗ್ಸ್ ಎಸೆದು ಉಸಿರಾಡಲು ಬಿಡಲಿಲ್ಲ.

ಶಾಟನ್ ಅವರ ಬಗ್ಗೆ ನನ್ನ ಬಲವಾದ ಆಕ್ಷೇಪ ಇಲ್ಲಿದೆ. ಡಾಜರ್ಸ್ ಪಿಚರ್ ರಾಲ್ಫ್ ಬ್ರಾಂಕಾ ಆಗ 21 ವರ್ಷದವರು. ಆ ಋತುವಿನಲ್ಲಿ 280 ಇನಿಂಗ್ಸ್ ಎಸೆದು 21 ಪಂದ್ಯ ಗೆದ್ದಿದ್ದರು. ಮೊದಲ ಪಂದ್ಯದಲ್ಲಿ ಮೊದಲ ಹನ್ನೆರಡು ಬ್ಯಾಟರ್‌ಗಳನ್ನು ಸಾಲಾಗಿ ಔಟ್ ಮಾಡಿದರು, ಐದನೇ ಇನಿಂಗ್ಸ್‌ನಲ್ಲಿ ಕುಸಿದರು. ಆ ಒಂದು ಇನಿಂಗ್ಸ್ ಕಾರಣಕ್ಕೆ ಶಾಟನ್ ಮತ್ತೆ ಅವರಿಂದ ಪಂದ್ಯ ಆರಂಭಿಸಲಿಲ್ಲ. ಏಳನೇ ಪಂದ್ಯ ಆರಂಭಿಸಿದವರು ಹಾಲ್ ಗ್ರೆಗ್.

ಎಡಗೈ ಪಿಚರ್

ಈ ಆಕ್ಷೇಪ ಅರ್ಧ ಮಾತ್ರ ಸರಿ. ಬ್ರಾಂಕಾ ಆರನೇ ಪಂದ್ಯದಲ್ಲಿ ಮಧ್ಯದಲ್ಲಿ ಎಸೆದು ಅದನ್ನು ಗೆದ್ದರು. ಮರುದಿನವೇ ಏಳನೆಯದು. 280 ಇನಿಂಗ್ಸ್ ಎಸೆದ ಇಪ್ಪತ್ತೊಂದರ ಹುಡುಗನ ತೋಳಿನಿಂದ ಇನ್ನೆಷ್ಟು ಹಿಂಡಬೇಕಿತ್ತು? ಐದನೇ ಪಂದ್ಯಕ್ಕೆ ಅವರನ್ನು ಇಳಿಸಬೇಕಿತ್ತು ಎನ್ನಿ, ಒಪ್ಪುತ್ತೇನೆ. ಅದನ್ನು 2-1ರಿಂದ ಸೋತರು.

ಮಲೆನಾಡ ಮಳೆ

ಈ ರೋಚಕತೆಯ ನಡುವೆ ಯಾರೂ ಕೇಳದ ಒಂದು ಪ್ರಶ್ನೆ ಇದೆ: ಈ ಋತುವಿಗೆ ಬೆಲೆ ತೆತ್ತವರು ಇನ್ನೂ ಯಾರು?

ರಾಬಿನ್ಸನ್ 1945ರಲ್ಲಿ ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡದವರು. ಕಪ್ಪು ಆಟಗಾರರೇ ಕಟ್ಟಿ ಬೆಳೆಸಿದ ನೀಗ್ರೋ ಲೀಗ್‌ಗಳಲ್ಲಿ ಅದು ಹೆಸರಾಂತ ತಂಡ. ರಿಕಿ ಆ ತಂಡಕ್ಕೆ ಬಿಡಿಗಾಸೂ ಕೊಡದೆ ಆಟಗಾರನನ್ನು ಒಯ್ದರು. 1947ರ ಜುಲೈ 5ರಂದು ಲ್ಯಾರಿ ಡೋಬಿ ಕ್ಲೀವ್‌ಲ್ಯಾಂಡ್‌ಗೆ ಆಡಿ ಅಮೆರಿಕನ್ ಲೀಗಿನ ಮೊದಲ ಕಪ್ಪು ಆಟಗಾರರಾದರು. ಅಲ್ಲಿನ ಒಡೆಯ ಬಿಲ್ ವೆಕ್, ಡೋಬಿ ಆಡುತ್ತಿದ್ದ ನ್ಯೂವಾರ್ಕ್ ಈಗಲ್ಸ್ ತಂಡದ ಒಡತಿ ಎಫಾ ಮ್ಯಾನ್ಲಿ ಅವರಿಗೆ ಕನಿಷ್ಠ ಹಣವನ್ನಾದರೂ ಕೊಟ್ಟರು. ಆಗಸ್ಟ್ 26ರಂದು ಡಾಜರ್ಸ್‌ಗೆ ಡ್ಯಾನ್ ಬ್ಯಾಂಕ್‌ಹೆಡ್ ಬಂದರು, ಮೇಜರ್ ಲೀಗಿನಲ್ಲಿ ಆಡಿದ ಮೊದಲ ಕಪ್ಪು ಪಿಚರ್. ಮೊದಲ ಬಾರಿ ಬ್ಯಾಟ್ ಹಿಡಿದಾಗಲೇ ಹೋಂ ರನ್ ಹೊಡೆದರು. ಅವರ ಹೆಸರನ್ನು ನೆನೆಯುವವರು ಎಷ್ಟು ಜನ?

ಕಪ್ಪು ಪ್ರೇಕ್ಷಕರು ರಾಬಿನ್ಸನ್ ಅವರನ್ನು ನೋಡಲು ರೈಲು ಹತ್ತಿ ಹೊರಟರು. ಎಬೆಟ್ಸ್ ಫೀಲ್ಡ್‌ಗೆ ಆ ವರ್ಷ 18 ಲಕ್ಷಕ್ಕೂ ಹೆಚ್ಚು ಜನ ಬಂದರು. ಅವರ ಸ್ವಂತ ತಂಡಗಳ ಆಸನಗಳು ಖಾಲಿಯಾದವು. 1946ರಲ್ಲಿ ನೀಗ್ರೋ ವರ್ಲ್ಡ್ ಸೀರೀಸ್ ಗೆದ್ದಿದ್ದ ನ್ಯೂವಾರ್ಕ್ ಈಗಲ್ಸ್ ತಂಡವನ್ನು 1948ರ ನಂತರ ಮಾರಬೇಕಾಯಿತು, ನೀಗ್ರೋ ನ್ಯಾಷನಲ್ ಲೀಗ್ ಮುಚ್ಚಿತು. ಬಿಳಿಯ ಲೀಗ್ ಒಬ್ಬೊಬ್ಬರನ್ನೇ ತೆಗೆದುಕೊಂಡಿತು. ಮ್ಯಾನೇಜರ್‌ಗಳನ್ನು, ಒಡೆಯರನ್ನು, ಲೆಕ್ಕಿಗರನ್ನು, ಅಂಪೈರ್‌ಗಳನ್ನು ತೆಗೆದುಕೊಳ್ಳಲಿಲ್ಲ. ಆ ಲೀಗ್‌ಗಳೂ ಮೇಜರ್ ಲೀಗ್‌ಗಳೇ ಎಂದು ಅಧಿಕೃತವಾಗಿ ಒಪ್ಪಿದ್ದು 2020ರ ಡಿಸೆಂಬರ್‌ನಲ್ಲಿ.

ತುಂಗಾತೀರ

ಇದನ್ನು ನೀವು ಬರೆದದ್ದು ಬಹಳ ಅಗತ್ಯವಿತ್ತು. ರಿಕಿ ಅವರನ್ನು ದೇವರ ಪಟದಂತೆ ತೂಗುಹಾಕುವುದಕ್ಕೆ ನನ್ನ ವಿರೋಧವೂ ಇದೆ. ಅವರಲ್ಲಿ ನಂಬಿಕೆಯೂ ಇತ್ತು, ವ್ಯಾಪಾರದ ಬುದ್ಧಿಯೂ ಇತ್ತು, ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಿಡಬೇಕಿಲ್ಲ.

ಆದರೆ ರಾಬಿನ್ಸನ್ ಬಗ್ಗೆ ನನ್ನ ವಾದವನ್ನು ಬಿಡುವುದಿಲ್ಲ. 151 ಪಂದ್ಯ, ಸರಾಸರಿ .297, 12 ಹೋಂ ರನ್. 28 ವಯಸ್ಸಿನಲ್ಲಿ, ಅದುವರೆಗೆ ಹೆಚ್ಚು ಆಡಿರದ ಮೊದಲ ಬೇಸಿನಲ್ಲಿ ನಿಂತು ಆಡಿದ ಋತು. ವರ್ಷದ ಶ್ರೇಷ್ಠ ಹೊಸ ಆಟಗಾರನಿಗೆ ಬೇಸ್‌ಬಾಲ್ ಬರಹಗಾರರು ಅಧಿಕೃತವಾಗಿ ಕೊಡಲು ಶುರುಮಾಡಿದ ಪ್ರಶಸ್ತಿ ಮೊದಲು ಸಂದದ್ದು ಅವರಿಗೇ, ಈಗ ಅದಕ್ಕೆ ಅವರದೇ ಹೆಸರಿದೆ. ವರ್ಷ ಕಳೆಯುವುದರೊಳಗೆ ಎದುರಾಳಿ ತಂಡಗಳು ಅವರನ್ನು ಬೈಯುವುದಕ್ಕಿಂತ ಅವರು ಬೇಸ್ ಸೇರದಂತೆ ತಡೆಯುವುದು ಹೇಗೆಂದು ಹೆಚ್ಚು ಯೋಚಿಸಬೇಕಾಯಿತು.

ಹೊಸ ಓದುಗ

ಒಂದು ಕೊನೆಯ ಪ್ರಶ್ನೆ. ತಿರುಗಿ ಮಾತಾಡುವುದಿಲ್ಲ ಎಂಬ ಆ ಭಾಷೆ ಎಷ್ಟು ಕಾಲ ಇತ್ತು? ಅದು ಮುಗಿದ ಮೇಲೆ ಅವರ ಆಟ ಏನಾಯಿತು?

ಸ್ಕೋರ್‌ಪುಸ್ತಕ

1949ರ ಹೊತ್ತಿಗೆ ರಿಕಿ ಅವರು ಆ ಕಟ್ಟನ್ನು ಬಿಚ್ಚಿದರು. ರಾಬಿನ್ಸನ್ ಅಂಪೈರ್‌ಗಳ ಜೊತೆ ವಾದಿಸಿದರು, ಎದುರಾಳಿಗಳಿಗೆ ಮುಖಕ್ಕೆ ಮುಖ ಕೊಟ್ಟು ಉತ್ತರ ಹೇಳಿದರು. 1947ರಲ್ಲಿ ಅವರ ಸಹನೆಯನ್ನು ಹೊಗಳಿದ್ದ ಕೆಲವು ಪತ್ರಿಕೆಗಳೇ ಈಗ ಜಗಳಗಂಟ ಎಂದವು. ಆ ವರ್ಷ ಅವರ ಸರಾಸರಿ .342, ಲೀಗಿನಲ್ಲೇ ಮೊದಲು. 37 ಬೇಸ್ ಕದ್ದರು, ಅದರಲ್ಲೂ ಮೊದಲು. 124 ರನ್‌ಗಳನ್ನು ಮನೆ ಸೇರಿಸಿದರು. ನ್ಯಾಷನಲ್ ಲೀಗಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಅವರಿಗೆ ಬಂತು, ಡಾಜರ್ಸ್ ಮತ್ತೆ ಲೀಗ್ ಗೆದ್ದರು.

ಮಲೆನಾಡ ಮಳೆ

ಹಾಗಾದರೆ 1947ರಲ್ಲಿ ಆ ಭಾಷೆ ಅವರಿಂದ ಎಷ್ಟು ಕಿತ್ತುಕೊಂಡಿತ್ತು ಎಂಬುದಕ್ಕೂ ಆ .342 ಅಂಕಿಯೇ ಲೆಕ್ಕ. ತುಂಗಾತೀರ ಅವರೇ, 1949ರ ಬಗ್ಗೆ ನೀವು ಬರೆಯುವುದಾದರೆ ಆ ವರ್ಷ ಡಾಜರ್ಸ್ ಪರ ಆಡಿದ ರಾಯ್ ಕ್ಯಾಂಪನೆಲ್ಲಾ ಮತ್ತು ಡಾನ್ ನ್ಯೂಕಂಬ್ ಅವರನ್ನು ಬಿಡಬೇಡಿ. ಇಬ್ಬರೂ ನೀಗ್ರೋ ಲೀಗ್‌ಗಳಿಂದಲೇ ಬಂದವರು.

ತುಂಗಾತೀರ

ಖಂಡಿತ ಬಿಡುವುದಿಲ್ಲ. ನ್ಯೂಕಂಬ್ ಆಡಿದ್ದು ನ್ಯೂವಾರ್ಕ್ ಈಗಲ್ಸ್‌ಗೆ, ಎಫಾ ಮ್ಯಾನ್ಲಿ ಅವರ ತಂಡಕ್ಕೆ. ಅಲ್ಲಿಂದಲೇ ಆರಂಭಿಸುತ್ತೇನೆ.